ಬಾರಿಗಿಡಕ್ಕೆ ಕಣ್ಣು ಕೂಡಿಸುವುದು

ರಾಯಚೂರು ಜಿಲ್ಲೆಯ ಮಸ್ಕಿ, ಲಿಂಗಸುಗೂರು, ಸಿಂಧನೂರು ಸೀಮೆಯಲ್ಲಿ ಹೊಲದ ಬದುವಿನ ಮೇಲೆ, ಹಳ್ಳದ ದಂಡೆಗೆ, ಹಾಳುಬಿದ್ದ ಗೋಡೆಯ ಮಗ್ಗುಲಿಗೆ ಕಾಣುವ ಬಾರಿಗಿಡಗಳನ್ನು ಯಾರೂ ನೆಟ್ಟಿದ್ದಲ್ಲ. ಹಕ್ಕಿ ತಿಂದು ಬಿಟ್ಟಿದ್ದು, ಮೇಕೆ ಹಿಕ್ಕೆಯೊಳಗೆ ಉದುರಿಸಿದ್ದು, ಸಾಲಿ ಹುಡುಗರು ಚೀಪಿ ಎಸೆದದ್ದು, ಹೀಗೆ ಬಿದ್ದ ಬೀಜವೇ ಗಿಡವಾಗಿದೆ. ಹಿತ್ತಲಲ್ಲಿ ಎದ್ದರೆ ಮುಳ್ಳು ಚುಚ್ಚುತ್ತದೆ ಎಂದು ಕಡಿದು ಹಾಕುತ್ತಾರೆ. ಮುಂದಿನ ಮಳೆಗೆ ಅದು ಮತ್ತೆ ಚಿಗುರಿರುತ್ತದೆ. ಈ ಹಟವೇ ಗಿಡದ ದೊಡ್ಡ ಗುಣ. ಹಿತ್ತಲಿಗೆ ಒಳ್ಳೆಯ ಹಣ್ಣಿನ ಬಾರಿ ಬೇಕೆನ್ನುವವರು ಸಸಿ ಕೊಳ್ಳುವ ಮೊದಲು ಇಂಥ ಗಿಡವೊಂದು ತಮ್ಮಲ್ಲೇ ಇದೆಯೇ ಎಂದು ನೋಡಬೇಕು. ಇದ್ದರೆ ಅರ್ಧ ಕೆಲಸ ಆಗಿಹೋಗಿದೆ. ಬೇರು ಅದರದೇ ಇರಲಿ, ಒಳ್ಳೆಯ ಜಾತಿಯ ಕಣ್ಣು ಕೂಡಿಸಿ, ಅಂದರೆ ಎಲೆಯ ಕಂಕುಳಿನ ಮೊಗ್ಗನ್ನು ಕಸಿ ಮಾಡಿ, ಮೇಲಿನದನ್ನಷ್ಟೇ ಬದಲಿಸಿದರೆ ಸಾಕು.

ಬೇರಿನ ಮಾತು ಏಕೆ ಮೊದಲು ಬರುತ್ತದೆಂದರೆ, ಬಾರಿಯ ಬಲವೆಲ್ಲ ಅಲ್ಲೇ ಇದೆ. ಮೊಳೆತ ಬೀಜ ಮೇಲೆ ಎರಡು ಎಲೆ ತೋರಿಸುವ ಹೊತ್ತಿಗೆ ಕೆಳಗೆ ತಾಯಿಬೇರು ನೆಟ್ಟಗೆ ಆಳಕ್ಕೆ ಇಳಿಯತೊಡಗಿರುತ್ತದೆ. ಸಿಂಧನೂರಿನ ಎರೆ ಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಾಗ ಮೇಲ್ಬೇರಿನ ಗಿಡಗಳು ಹರಿದುಹೋಗುತ್ತವೆ. ಬಾರಿ ಕದಲುವುದಿಲ್ಲ. ಲಿಂಗಸುಗೂರು, ಮುದಗಲ್ಲಿನ ಕಡೆಯ ಕಲ್ಲು ಬೆರೆತ ಮಸಾರಿಯಲ್ಲೂ ಅದು ಬಂಡೆಯ ಸಂದು ಹುಡುಕಿಕೊಂಡು ಇಳಿಯುತ್ತದೆ. ಚೀಲದಲ್ಲಿ ಬೆಳೆದ ಸಸಿಗೆ ಈ ಭಾಗ್ಯವಿಲ್ಲ. ಚಿಕ್ಕ ಚೀಲದ ತಳ ಮುಟ್ಟಿದ ತಾಯಿಬೇರು ಸುರುಳಿ ಸುತ್ತಿಕೊಳ್ಳುತ್ತದೆ, ಇಲ್ಲವೆ ಕೀಳುವಾಗ ತುಂಡಾಗುತ್ತದೆ. ಮೊದಲು ಒಣ ಸೀಮೆಯಲ್ಲಿ ಬಾರಿ ಸಸಿ ನೆಟ್ಟವರಿಗೆ ಕೈ ಸುಟ್ಟುಕೊಂಡ ಅನುಭವವಾಗುತ್ತಿದ್ದದ್ದು ಇದೇ ಕಾರಣಕ್ಕೆ. ಜೋಧಪುರದ ಕೇಂದ್ರೀಯ ಒಣಪ್ರದೇಶ ಸಂಶೋಧನಾ ಸಂಸ್ಥೆಯವರು ಎರಡೂ ಬಾಯಿ ತೆರೆದ ಉದ್ದನೆಯ ಪ್ಲಾಸ್ಟಿಕ್ ಕೊಳವೆಗಳಲ್ಲಿ ಬೀಜ ಹಾಕಿ, ಬೇರು ನೆಟ್ಟಗಿರುವಾಗಲೇ ಕಸಿ ಕಟ್ಟುವ ಪದ್ಧತಿ ತಂದ ಮೇಲೆ ಸಸಿ ಸಾಗಿಸುವುದು ಸುಲಭವಾಯಿತು. ಆದರೂ ನೆಲದಲ್ಲೇ ಹುಟ್ಟಿ ಬೆಳೆದ ಬೇರಿಗೆ ಸಮನಾದದ್ದು ಇನ್ನೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ನಮ್ಮಲ್ಲಿ ಬಾರಿಗಿರುವ ಜಾಗ ಯುರೋಪಿನ ಮನೆಗಳ ಬೇಲಿಯಲ್ಲಿ ಎಲ್ಡರ್‌ಬೆರಿಯದು. ಗೊಂಚಲು ಗೊಂಚಲಾಗಿ ಕಪ್ಪು ಹಣ್ಣು ಬಿಡುವ ಆ ಪೊದೆಯ ಪಾನಕ, ಮುರಬ್ಬದ ವರ್ಣನೆ ಓದಿ ನಮ್ಮ ಹಿತ್ತಲಿಗೂ ತರಬೇಕೆಂದು ಆಸೆಪಡುವವರಿದ್ದಾರೆ. ಅದು ತಂಪು ಹವೆಯ, ಸದಾ ತೇವವಿರುವ ನೆಲದ ಗಿಡ. ಹಣ್ಣನ್ನು ಬೇಯಿಸದೆ ತಿಂದರೆ ಹೊಟ್ಟೆ ತೊಳಸುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬಿದ್ದು, ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಗೆ ಅದು ಹೊಂದುವುದಿಲ್ಲ. ಬಾರಿಗಾದರೋ ಇದು ತವರು. ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳನ್ನು ಅಗೆದವರಿಗೆ ಹುರುಳಿ, ಹೆಸರು ಕಾಳುಗಳ ಜೊತೆ ಬಾರಿಯ ಸುಟ್ಟ ಬೀಜದ ಚೂರುಗಳೂ ಸಿಕ್ಕಿವೆ. ಅಶೋಕನ ಹೆಸರುಳ್ಳ ಶಾಸನ 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಬೆಳಕಿಗೆ ಬಂತಲ್ಲ, ಆ ಶಾಸನ ಕೆತ್ತುವುದಕ್ಕಿಂತ ಬಹಳ ಹಿಂದೆಯೇ ಈ ಕಡೆಯ ಜನ ಬಾರಿಹಣ್ಣು ತಿನ್ನುತ್ತಿದ್ದರು.

ಕೆಲಸ ಶುರುವಾಗುವುದು ಬೇಸಿಗೆಯಲ್ಲಿ. ಬೇರೆ ಮರಗಳು ಯುಗಾದಿಗೆ ಚಿಗುರಿದರೆ ಬಾರಿ ಎಲೆ ಉದುರಿಸಿ ಮಲಗುತ್ತದೆ. ಹಣ್ಣು ಮುಗಿದ ಮೇಲೆ ಎಲೆ ಹಳದಿಯಾಗಿ, ಏಪ್ರಿಲ್ ಹೊತ್ತಿಗೆ ಗಿಡ ಬರಿ ಮುಳ್ಳಿನ ಕಂಟಿಯಾಗಿ ನಿಲ್ಲುತ್ತದೆ. ಒಣಗಿದೆ ಎಂದು ಗಾಬರಿಯಾಗಿ ನೀರು ಹಾಕುವವರಿದ್ದಾರೆ. ಹಾಕಬಾರದು. ಬಿಸಿಲಿನಲ್ಲಿ ನೀರು ಖರ್ಚು ಮಾಡದೆ ಉಳಿಯಲು ಅದು ಕಂಡುಕೊಂಡ ದಾರಿ ಈ ನಿದ್ದೆ. ಬಾರಿಯೊಡನೆ ನಡೆಸುವ ವ್ಯವಹಾರವೆಲ್ಲ, ಕಡಿಯುವುದು, ಸವರುವುದು, ಬುಡ ಅಗೆಯುವುದು, ಈ ನಿದ್ದೆಯ ಅವಧಿಯಲ್ಲೇ ನಡೆಯಬೇಕು. ಆಗ ಗಿಡದ ಆಹಾರವೆಲ್ಲ ಕಾಂಡದಲ್ಲಿ, ಬೇರಿನಲ್ಲಿ ಕೂಡಿಟ್ಟುಕೊಂಡಿರುತ್ತದೆ. ಮೇಲಿನದನ್ನು ತೆಗೆದರೆ ಅದಕ್ಕೆ ನಷ್ಟವಿಲ್ಲ.

ತಾನಾಗಿ ಬೆಳೆದ ನಾಡಗಿಡವನ್ನು ಏಪ್ರಿಲ್ ತಿಂಗಳಲ್ಲಿ ನೆಲದಿಂದ ಮೊಳದೆತ್ತರಕ್ಕೆ ಬಿಟ್ಟು ಕಡಿಯಬೇಕು. ಕೊಡಲಿಯಲ್ಲಿ ಹೊಡೆದರೆ ತುಂಡು ಸೀಳುತ್ತದೆ, ಗರಗಸವೇ ಲೇಸು. ನೀರು ನಿಲ್ಲದಂತೆ ಕಡಿತ ಓರೆಯಾಗಿರಲಿ. ಗಾಯಕ್ಕೆ ಬೋರ್ಡೋ ಸರಿ ಸವರಿದರೆ ಕೊಳೆಯುವ ಭಯವಿಲ್ಲ. ನೋಡಿದವರಿಗೆ ಗಿಡವನ್ನು ಕೊಂದಂತೆ ಕಾಣುತ್ತದೆ. ಆದರೆ ಹತ್ತಾರು ಅಡಿ ಮರವನ್ನು ಸಾಕುವಷ್ಟು ಬೇರು ಕೆಳಗಿದೆ, ಮೇಲೆ ಸಾಕಲು ಏನೂ ಇಲ್ಲ. ಆ ಶಕ್ತಿಯೆಲ್ಲ ಮೋಟಿನಿಂದ ಚಿಗುರಾಗಿ ನುಗ್ಗುತ್ತದೆ. ಮಿರಗದ ಮಳೆಗೆ ಮುಂಚೆಯೇ ಮೋಟಿನ ಸುತ್ತ ಹತ್ತು ಹದಿನೈದು ಚಿಗುರು ಎದ್ದಿರುತ್ತವೆ.

ಇಲ್ಲಿ ಮನಸ್ಸು ಗಟ್ಟಿ ಮಾಡಬೇಕು. ಸುತ್ತಲೂ ಒಂದಕ್ಕೊಂದು ದೂರವಿರುವ, ತುದಿಯಲ್ಲಲ್ಲದೆ ಕಾಂಡಕ್ಕೆ ಗಟ್ಟಿಯಾಗಿ ಕಚ್ಚಿಕೊಂಡು ಹುಟ್ಟಿದ ಮೂರೋ ನಾಲ್ಕೋ ಚಿಗುರು ಇಟ್ಟು ಉಳಿದದ್ದನ್ನೆಲ್ಲ ಉಗುರಿನಿಂದ ಚಿವುಟಿ ತೆಗೆಯಬೇಕು. ವಾರಕ್ಕೊಮ್ಮೆ ಮತ್ತೆ ಬಂದದ್ದನ್ನು ಮತ್ತೆ ಚಿವುಟಬೇಕು. ಹೀಗೆ ಮಾಡಿದರೆ ಆರಿದ್ರಾ, ಪುನರ್ವಸು ಮಳೆಯ ಹೊತ್ತಿಗೆ, ಅಂದರೆ ಜುಲೈ ತಿಂಗಳಲ್ಲಿ, ಉಳಿಸಿದ ಚಿಗುರುಗಳು ಪೆನ್ಸಿಲ್ ಗಾತ್ರಕ್ಕೆ ಬರುತ್ತವೆ. ಕಣ್ಣು ಕೂಡಿಸಲು ಹದವಾದ ಗಾತ್ರ ಅದು.

ಯಾವ ಜಾತಿಯ ಕಣ್ಣು ಕೂಡಿಸಬೇಕು ಎಂಬುದನ್ನು ಮಾತ್ರ ಜುಲೈನಲ್ಲಿ ಯೋಚಿಸಿದರೆ ತಡವಾಯಿತು. ಜನವರಿಯಲ್ಲೇ, ಮರದಲ್ಲಿ ಹಣ್ಣಿರುವಾಗ, ತಿಂದು ನೋಡಿ ಗುರುತು ಇಟ್ಟುಕೊಳ್ಳಬೇಕು. ಎಲೆಯಿಂದ ಜಾತಿ ಗುರುತಿಸುವುದು ನುರಿತವರಿಗೂ ಕಷ್ಟ. ಗೋಲಾ ದುಂಡಗಿನ, ಬೇಗ ಬರುವ, ರಸಭರಿತ ಹಣ್ಣು. ಉಮ್ರಾನ್ ತಡವಾಗಿ ಬರುವ, ಮೊಟ್ಟೆಯಾಕಾರದ, ಹೊನ್ನಿನ ಬಣ್ಣದಿಂದ ಕಂದುಬಣ್ಣಕ್ಕೆ ತಿರುಗುವ ಹಣ್ಣು. ಕಿತ್ತ ಮೇಲೂ ಕೆಲವು ದಿನ ತಾಳುತ್ತದೆ. ಕಡಾಕಾ, ಸೇಬ್, ಜಳಗಾಂವ್ ಕಡೆಯ ಮೆಹ್ರೂಣ್, ಇವೂ ಇವೆ. ಈಚೆಗೆ ಸಂತೆಗಳಲ್ಲಿ ರಾಶಿ ಬೀಳುತ್ತಿರುವ ಥಾಯ್ಲೆಂಡ್ ಮೂಲದ ಆಪಲ್ ಬೋರೆ ಗಾತ್ರದಲ್ಲಿ ದೊಡ್ಡದು, ನೆಟ್ಟ ಮೊದಲ ವರ್ಷವೇ ಕಾಯಿ ಕಚ್ಚುತ್ತದೆ. ಅದರ ನೀರು ನೀರಾದ ಸಿಹಿಯನ್ನು ನಾನು ಬಾರಿಹಣ್ಣಿನ ರುಚಿ ಎಂದು ಒಪ್ಪುವುದಿಲ್ಲ. ಸ್ವಲ್ಪ ಒಗರು, ಸ್ವಲ್ಪ ಹುಳಿ ಇಲ್ಲದೆ ಬಾರಿ ಎಲ್ಲಿಯದು? ಮನೆಗೆ ಆರಿಸುವುದಾದರೆ ಉಮ್ರಾನ್ ಒಂದು, ಗೋಲಾ ಒಂದು.

ಕಣ್ಣಿನ ಕಡ್ಡಿಯನ್ನು ಫಲ ಕೊಡುವ ಮರದ ಅದೇ ವರ್ಷದ ಚಿಗುರಿನಿಂದ, ಬೆಳಗಿನ ತಂಪಿನಲ್ಲಿ ಕತ್ತರಿಸಬೇಕು. ಪ್ರತಿ ಎಲೆಯ ಕಂಕುಳಲ್ಲೂ ಒಂದು ಕಣ್ಣಿರುತ್ತದೆ. ಅದು ಉಬ್ಬಿರಬೇಕು, ಬಿರಿದಿರಬಾರದು. ಕತ್ತರಿಸಿದ ಕೂಡಲೇ ಎಲೆಯ ಹರವನ್ನು ತೆಗೆದುಬಿಡಬೇಕು, ಇಲ್ಲದಿದ್ದರೆ ಅದು ಕಡ್ಡಿಯ ನೀರನ್ನೆಲ್ಲ ಬಿಸಿಲಿಗೆ ಕೊಟ್ಟುಬಿಡುತ್ತದೆ. ತೊಟ್ಟು ಮಾತ್ರ ಇರಲಿ. ಅದರ ಉಪಯೋಗ ಮುಂದೆ ಎರಡು ಸಲ ಬರುತ್ತದೆ. ಬಾರಿಯ ಮುಳ್ಳು ಜೋಡಿಯಾಗಿರುತ್ತವೆ, ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆಯಂತೆ ಬಾಗಿ. ಅವನ್ನು ಚಾಕುವಿನಿಂದ ಸವರಿ, ಕಡ್ಡಿಗಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ತರಬೇಕು.

ಇನ್ನು ಕೂಡಿಸುವ ಕ್ರಿಯೆ. ತೊಗಟೆಗೂ ಒಳಗಿನ ಕಟ್ಟಿಗೆಗೂ ನಡುವೆ ಎಳೆಹಸಿರಾದ, ಜಾರುವ ಒಂದು ತೆಳು ಪದರವಿದೆ. ಕಾಂಡ ದಪ್ಪವಾಗುವುದು ಅಲ್ಲಿ ಹೊಸ ಜೀವಕೋಶ ಹುಟ್ಟುವುದರಿಂದ. ಮಳೆ ಹಿಡಿದು ಗಿಡಕ್ಕೆ ರಸ ಏರಿದಾಗ ಈ ಪದರ ಹಸಿಯಾಗಿ, ತೊಗಟೆ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಯತ್ನಿಸಿದರೆ ತೊಗಟೆ ಚೂರು ಚೂರಾಗಿ ಬರುತ್ತದೆ. ಹಾಗಾಗಿ ಜುಲೈ ಆಗಸ್ಟ್, ಪುಷ್ಯ ಆಶ್ಲೇಷ ಮಳೆಗಳ ನಡುವಿನ ಬಿಡುವು, ಈ ಕೆಲಸದ ಕಾಲ. ನಾಡಗಿಡದ ಈ ಪದರ ಮತ್ತು ಒಳ್ಳೆಯ ಜಾತಿಯ ಕಣ್ಣಿನ ಹಿಂಬದಿಯ ಪದರ ಒಂದಕ್ಕೊಂದು ತಾಗಿ, ನಡುವೆ ಗಾಳಿಯಾಗಲಿ ನೀರಾಗಲಿ ಸುಳಿಯದಂತೆ ಕೆಲವು ದಿನ ಇದ್ದರೆ ಎರಡೂ ಬೆಸೆದುಕೊಳ್ಳುತ್ತವೆ. ಕಸಿಯ ಗುಟ್ಟು ಇಷ್ಟೇ. ಉಳಿದದ್ದೆಲ್ಲ ಕೈಯ ಶುಚಿ ಮತ್ತು ವೇಗ.

ಚಿಗುರಿನ ಬುಡದ ಹತ್ತಿರ, ನಯವಾದ ಜಾಗದಲ್ಲಿ, ತೊಗಟೆಗಷ್ಟೇ ತಾಗುವಂತೆ ಅಡ್ಡಕ್ಕೆ ಒಂದು ಗೀರು, ಅದರ ನಡುವಿನಿಂದ ಕೆಳಕ್ಕೆ ಅಂಗುಲದುದ್ದ ಇನ್ನೊಂದು ಗೀರು. ಪಡುವಣ ಗಾಳಿಯ ದಿಕ್ಕಿಗೆ ಕೂಡಿಸಿದರೆ ಮುಂದೆ ಹೊಸ ಕೊಂಬೆ ಗಾಳಿಗೆ ಹರಿದುಹೋಗದೆ ಕಾಂಡಕ್ಕೇ ಒತ್ತಿಕೊಳ್ಳುತ್ತದೆ. ಚಾಕುವಿನ ಹಿಂತುದಿಯಿಂದ ಎರಡೂ ಕಡೆಯ ತೊಗಟೆಯನ್ನು ಮೆಲ್ಲಗೆ ಎಬ್ಬಿಸಬೇಕು. ಆಮೇಲೆ ಕಡ್ಡಿಯಿಂದ ಕಣ್ಣು ತೆಗೆಯುವುದು. ಕಣ್ಣಿನ ಅರ್ಧ ಅಂಗುಲ ಕೆಳಗಿನಿಂದ ಚಾಕು ಹೊಕ್ಕು, ಕಣ್ಣಿನ ಹಿಂದೆ ಸಾಗಿ, ಅರ್ಧ ಅಂಗುಲ ಮೇಲೆ ಹೊರಬರಬೇಕು. ಒಂದೇ ಎಳೆತ. ನಡುವೆ ನಿಂತರೆ ಕಡಿತ ಏರುತಗ್ಗಾಗುತ್ತದೆ, ಏರುತಗ್ಗಾದರೆ ಒಳಗೆ ಗಾಳಿ ಉಳಿಯುತ್ತದೆ. ಗುರಾಣಿಯಾಕಾರದ ಆ ಚಕ್ಕೆಯ ಹಿಂದೆ ಅಂಟಿದ ಕಟ್ಟಿಗೆಯ ತೆಳು ಸೀಳನ್ನು ಬಿಡಿಸುವಾಗ ಬಹಳ ಎಚ್ಚರ ಬೇಕು. ಎಳೆದರೆ ಕಣ್ಣಿನ ತಿರುಳೂ ಅದರ ಜೊತೆ ಕಿತ್ತುಬಂದು ಹಿಂದೆ ಗುಳಿ ಬೀಳುತ್ತದೆ. ಅಂಥ ಕಣ್ಣು ಹಸಿರಾಗಿಯೇ ಇರುತ್ತದೆ, ತೊಗಟೆ ಬೆಸೆದುಕೊಳ್ಳುತ್ತದೆ, ಎಂದಿಗೂ ಚಿಗುರುವುದಿಲ್ಲ. ಆದ್ದರಿಂದ ಚಕ್ಕೆಯನ್ನು ಬೆಳಕಿಗೆ ತಿರುಗಿಸಿ ಹಿಂಬದಿ ನೋಡಿಯೇ ಮುಂದುವರಿಯಬೇಕು.

ಈಗ ತೊಟ್ಟಿನ ಮೊದಲ ಉಪಯೋಗ. ಕಡಿದ ಮೈಗೆ ಬೆರಳು ತಾಗದಂತೆ ಚಕ್ಕೆಯನ್ನು ತೊಟ್ಟಿನಿಂದ ಹಿಡಿದು, ಎಬ್ಬಿಸಿದ ತೊಗಟೆಯೊಳಗೆ ಮೇಲಿನಿಂದ ಕೆಳಕ್ಕೆ ಜಾರಿಸಬೇಕು. ಕಣ್ಣು ಮೇಲ್ಮುಖವಾಗಿರಬೇಕು. ಅಡ್ಡಗೀರಿನ ಮೇಲೆ ಮಿಕ್ಕದ್ದನ್ನು ಕತ್ತರಿಸಿ ತೊಗಟೆಗೆ ತೊಗಟೆ ಸರಿಯಾಗಿ ಕೂರಿಸಿ, ಬೆರಳಗಲಕ್ಕಿಂತ ಕಿರಿದಾದ ಪಾಲಿಥಿನ್ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಬರುವಂತೆ ಬಿಗಿಯಬೇಕು. ಮಳೆನೀರು ಇಳಿದರೂ ಪಟ್ಟಿಯೊಳಗೆ ಹೋಗದಿರಲು ಈ ಕ್ರಮ. ಕಣ್ಣು ಮತ್ತು ತೊಟ್ಟು ಮಾತ್ರ ಹೊರಗಿರಬೇಕು. ಗೀರು ಹಾಕಿದಲ್ಲಿಂದ ಗಂಟು ಕಟ್ಟುವವರೆಗೆ ನುರಿತ ಕೈಗೆ ಎರಡು ನಿಮಿಷವೂ ಬೇಡ. ಅವರು ಕೆಲಸ ಮಾಡುವುದನ್ನು ನೋಡುವುದೇ ಒಂದು ಸೊಗಸು. ಮಾತಿಲ್ಲ, ಎರಡನೆಯ ಸಲ ಚಾಕು ಹಾಯಿಸುವುದಿಲ್ಲ, ಒಂದು ಕಣ್ಣು ಮುಗಿದ ಕೂಡಲೇ ಅಲಗು ಒರೆಸಿಕೊಳ್ಳುತ್ತಾರೆ. ಹೊಸಬರು ಮೊದಲು ಬೇಲಿಯಲ್ಲಿ ಕಡಿದುಹಾಕುವ ಕೊಂಬೆಗಳ ಮೇಲೆ ಕೈ ತಿದ್ದಿಕೊಳ್ಳಲಿ.

ಎರಡು ಮೂರು ವಾರ ಕಳೆದ ಮೇಲೆ ತೊಟ್ಟಿನ ಎರಡನೆಯ ಉಪಯೋಗ. ಬೆರಳಿಂದ ಮುಟ್ಟಿದರೆ ತೊಟ್ಟು ತಟ್ಟನೆ ಕಳಚಿ ಬಿದ್ದರೆ ಕಣ್ಣು ಹತ್ತಿದೆ. ಜೀವವಿರುವ ಕಣ್ಣು ತನಗೆ ಬೇಡದ ತೊಟ್ಟನ್ನು ತಾನೇ ಕಳಚುತ್ತದೆ. ತೊಟ್ಟು ಕಪ್ಪಾಗಿ ಸುಕ್ಕುಗಟ್ಟಿ ಅಂಟಿಕೊಂಡೇ ಇದ್ದರೆ ಸತ್ತಿದೆ, ಇನ್ನೂ ಆಗಸ್ಟ್ ಮುಗಿದಿಲ್ಲವಾದರೆ ಅದೇ ಚಿಗುರಿನ ಇನ್ನೊಂದು ಮಗ್ಗುಲಿಗೆ ಮತ್ತೊಂದು ಕಣ್ಣು ಕೂಡಿಸಬಹುದು. ಹತ್ತಿದ ಕಣ್ಣಿನ ಮೇಲಿನ ನಾಡಚಿಗುರನ್ನು ಒಮ್ಮೆಲೇ ಕತ್ತರಿಸಬಾರದು. ಮೊದಲು ಬಾಗಿಸಿ ಕಟ್ಟಬೇಕು, ಕಣ್ಣು ಬಿರಿದು ಚಿಗುರು ಗೇಣುದ್ದವಾದ ಮೇಲೆ ಅದರ ಮೇಲ್ಭಾಗವನ್ನು ತೆಗೆಯಬೇಕು. ಪಟ್ಟಿಯನ್ನು ಮರೆತು ಬಿಟ್ಟರೆ ಅದು ಕಾಂಡಕ್ಕೆ ಕೊರೆದು ಕೂರುತ್ತದೆ, ಸಮಯಕ್ಕೆ ಬಿಚ್ಚಬೇಕು.

ಆಮೇಲಿನ ಎರಡು ವರ್ಷ ಒಂದೇ ಒಂದು ಕಾವಲು: ಕಣ್ಣಿನ ಕೆಳಗಿನಿಂದ ಬರುವ ನಾಡಗಿಡದ ಚಿಗುರು. ಬೇರು ತನ್ನ ಹಳೆಯ ತಲೆಯನ್ನು ಮರೆಯುವುದಿಲ್ಲ. ಮಳೆಗಾಲದಲ್ಲಿ ಹದಿನೈದು ದಿನ ಗಮನ ತಪ್ಪಿದರೆ ಕಾಡುಚಿಗುರು ಕಸಿಯನ್ನು ಮೀರಿ ಬೆಳೆಯುತ್ತದೆ. ಕಸಿ ಬಾರಿ ಹಾಕಿದ್ದೆವು, ಕೆಲವು ವರ್ಷಕ್ಕೆ ಜಾತಿಗೆಟ್ಟು ಸಣ್ಣ ಹಣ್ಣು ಬಿಡತೊಡಗಿತು ಎಂದು ಹೇಳುವವರ ಹಿತ್ತಲಲ್ಲಿ ಆಗಿರುವುದು ಇದು. ಜಾತಿ ಕೆಟ್ಟಿಲ್ಲ, ಕಸಿ ಸತ್ತು ಬೇರು ಉಳಿದಿದೆ.

ಬಾರಿ ಹೂ ಬಿಡುವುದು ಆ ವರ್ಷವೇ ಬಂದ ಹೊಸ ಚಿಗುರಿನ ಎಲೆ ಕಂಕುಳಲ್ಲಿ. ಇದೊಂದು ಗೊತ್ತಿದ್ದರೆ ಪ್ರತಿ ಬೇಸಿಗೆಯ ಸವರುವಿಕೆ ಏಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹೊಸ ಚಿಗುರು ಹೆಚ್ಚು ಬೇಕು, ಬಲವಾಗಿಯೂ ಬೇಕು. ಏಪ್ರಿಲ್ ಕೊನೆಯಲ್ಲಿ ಹಿಂದಿನ ವರ್ಷದ ಕೊಂಬೆಯಲ್ಲಿ ಬುಡದ ಹದಿನೈದು ಇಪ್ಪತ್ತು ಕಣ್ಣು ಬಿಟ್ಟು ತುದಿ ಕತ್ತರಿಸುವುದು, ನೆಲ ಮುಟ್ಟುವ, ಒಂದರೊಳಗೊಂದು ಹೆಣೆದುಕೊಂಡ, ಒಣಗಿದ ಕೊಂಬೆಗಳನ್ನು ಬುಡಸಮೇತ ತೆಗೆಯುವುದು ವಾಡಿಕೆ. ಸವರದೆ ಬಿಟ್ಟ ಗಿಡ ವರ್ಷ ವರ್ಷ ಹಬ್ಬಿ, ಒಳಗೆ ಬೆಳಕು ಹೋಗದೆ, ತುದಿಯಲ್ಲಿ ಮಾತ್ರ ಗೋಲಿಯಂಥ ಹಣ್ಣು ಬಿಡುತ್ತದೆ. ಸವರಿದ ಮುಳ್ಳುಕಂಟಿಯೂ ಈ ಸೀಮೆಯಲ್ಲಿ ವ್ಯರ್ಥವಲ್ಲ. ಕುರಿಹಟ್ಟಿಗೆ, ಬಣವೆಗೆ ಬೇಲಿಯಾಗುತ್ತದೆ. ಮಳೆಗಾಲದಲ್ಲಿ ಅಲ್ಲಿ ಇಲ್ಲಿ ತೆಗೆದ ಹಸಿರು ಸೊಪ್ಪನ್ನು ಮೇಕೆಗಳು ಮುಳ್ಳಿನ ನಡುವೆ ತುಟಿ ತೂರಿಸಿ ಆರಿಸಿ ತಿನ್ನುತ್ತವೆ.

ಹೂ ಬಹಳ ಸಣ್ಣದು, ಹಳದಿ ಬೆರೆತ ಹಸಿರು. ಸೆಪ್ಟೆಂಬರ್‌ನಲ್ಲಿ ಮರದ ಕೆಳಗೆ ನಿಂತರೆ ಹೂ ಕಾಣುವ ಮೊದಲು ಜೇನುನೊಣ, ಕಣಜಗಳ ಸದ್ದು ಕೇಳುತ್ತದೆ. ಒಂದು ಹೂವಿನಲ್ಲಿ ಪರಾಗ ಮೊದಲು ಉದುರುತ್ತದೆ, ಅದರ ಶಲಾಕೆ ತಡವಾಗಿ ಸಿದ್ಧವಾಗುತ್ತದೆ. ಮೇಲಾಗಿ ಹಲವು ಜಾತಿಗಳಿಗೆ ತಮ್ಮದೇ ಜಾತಿಯ ಪರಾಗ ಒಗ್ಗುವುದಿಲ್ಲ. ಹಿತ್ತಲಲ್ಲಿ ಒಂದೇ ಮರವಿದ್ದು ಹೂವೆಲ್ಲ ಉದುರಿಹೋಗುವುದಕ್ಕೆ ಇದೂ ಕಾರಣ. ತೋಟದವರು ಎರಡು ಮೂರು ಜಾತಿಯನ್ನು ಸಾಲು ಸಾಲಾಗಿ ಹಾಕುತ್ತಾರೆ. ಮನೆಯಂಗಳದವರಿಗೆ ಕಣ್ಣುಕಸಿಯೇ ದಾರಿ ತೋರಿಸುತ್ತದೆ: ಒಂದೇ ಮೋಟಿನ ಒಂದು ಚಿಗುರಿಗೆ ಉಮ್ರಾನ್, ಇನ್ನೊಂದಕ್ಕೆ ಗೋಲಾ. ಡಿಸೆಂಬರಿನಿಂದ ಒಂದು ಕೊಂಬೆ, ಅದು ಮುಗಿಯುವ ಹೊತ್ತಿಗೆ ಮತ್ತೊಂದು.

ನೀರಿನ ಲೆಕ್ಕದಲ್ಲಿ ಮೂರು ತಾಲ್ಲೂಕುಗಳೂ ಒಂದೇ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ಸೀಮೆಯಾಯಿತು. ಗದ್ದೆಯ ಬಸಿನೀರು ಹಿತ್ತಲಿನವರೆಗೂ ತೇವ ತರುತ್ತದೆ, ಕೆಲವೆಡೆ ಮಣ್ಣು ಸವಳೂ ಆಗಿದೆ. ಸವಳನ್ನು ಬಾರಿ ಬಹುಪಾಲು ಹಣ್ಣಿನ ಮರಗಳಿಗಿಂತ ಚೆನ್ನಾಗಿ ತಾಳುತ್ತದೆ. ಬೇಸಿಗೆಯ ತೇವ ಮಾತ್ರ ಅದರ ನಿದ್ದೆ ಕೆಡಿಸುತ್ತದೆ. ಅಂಥ ಕಡೆ ಹಿತ್ತಲಿನ ಎತ್ತರದ ಮೂಲೆಯ ಗಿಡವನ್ನೇ ಕಸಿಗೆ ಆರಿಸಬೇಕು. ಮಸ್ಕಿ, ಲಿಂಗಸುಗೂರಿನ ಮಳೆಯಾಶ್ರಿತ ಹಳ್ಳಿಗಳಲ್ಲಿ ಈ ತೊಂದರೆಯಿಲ್ಲ, ಅಲ್ಲಿ ಹಿಂಗಾರು ಕೈಕೊಟ್ಟಾಗ ನವೆಂಬರಿನಲ್ಲಿ ಕಾಯಿ ಉದುರುವುದೇ ಚಿಂತೆ. ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಪಾತಿ ತುಂಬ ನೀರು ಕೊಟ್ಟರೆ ಸಾಕು. ಹಣ್ಣು ಬಣ್ಣ ತಿರುಗುವಾಗ ನಿಲ್ಲಿಸಬೇಕು, ಇಲ್ಲದಿದ್ದರೆ ಸಿಹಿ ತೆಳುವಾಗುತ್ತದೆ.

ರೋಗ ಕೀಟಗಳಲ್ಲಿ ಹಿತ್ತಲಿನವರು ತಿಳಿದಿರಬೇಕಾದವು ಎರಡು. ಚಳಿ ಶುರುವಾದಾಗ ಎಳೆಗಾಯಿಯ ಮೇಲೆ ಬಿಳಿ ಹುಡಿ ಕೂರುವ ಬೂದಿರೋಗ, ಇದಕ್ಕೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ ಎರಡು ಗ್ರಾಂ. ಇನ್ನೊಂದು ಹಣ್ಣುನೊಣ. ಕಚ್ಚಿದ ಹಣ್ಣಲ್ಲಿ ಹುಳು ಸಿಗುವುದು ಇದರಿಂದ. ಹುಳು ಹಣ್ಣಿನಿಂದ ಇಳಿದು ಮರದ ಬುಡದ ಮಣ್ಣಲ್ಲೇ ಕೋಶ ಕಟ್ಟುತ್ತದೆ. ಬಿದ್ದ ಹಣ್ಣನ್ನು ದಿನಾ ಆರಿಸಿ ಆಳಕ್ಕೆ ಹೂಳುವುದು, ಮೇ ತಿಂಗಳಲ್ಲಿ ಬುಡದ ಮಣ್ಣು ಅಗೆದು ಬಿಸಿಲಿಗೆ ತೆರೆಯುವುದು, ಮನೆ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಔಷಧವಿಲ್ಲ. ನಮ್ಮ ಬಿಸಿಲು ಇಷ್ಟಾದರೂ ಉಪಕಾರಕ್ಕೆ ಬರಲಿ.

ಹಣ್ಣು ಸಂಕ್ರಮಣಕ್ಕೆ ಸರಿಯಾಗಿ ತುಂಬಿರುತ್ತದೆ. ಹೊಳೆಗೆ ಹೋಗಿ ಮಿಂದು, ಸಜ್ಜಿ ರೊಟ್ಟಿಯ ಬುತ್ತಿ ಬಿಚ್ಚಿದಾಗ ಎಳ್ಳು, ಕಬ್ಬು, ಕಡಲೆಗಿಡದ ಜೊತೆ ಬಾರಿಹಣ್ಣೂ ಇರುತ್ತದೆ. ಚಿಕ್ಕ ಮಕ್ಕಳನ್ನು ಕೂರಿಸಿ ತಲೆಯ ಮೇಲೆ ಬಾರಿಹಣ್ಣು, ಕಬ್ಬಿನ ತುಂಡು, ಚಿಲ್ಲರೆ ಕಾಸು ಸುರಿಯುವ ಪದ್ಧತಿಯೂ ಕೆಲವು ಮನೆಗಳಲ್ಲಿದೆ. ಮಿಕ್ಕಿದ ಹಣ್ಣನ್ನು ಬಿಸಿಲಿಗೆ ಬಾಡಿಸಿ, ಬೆಲ್ಲ, ಉಪ್ಪು, ಒಣಮೆಣಸಿನಕಾಯಿ, ಜೀರಿಗೆ ಸೇರಿಸಿ ಒರಳಲ್ಲಿ ಕುಟ್ಟಿ ತಟ್ಟಿ ಒಣಗಿಸಿದ ವಡೆ ವರ್ಷವಿಡೀ ಕೆಡುವುದಿಲ್ಲ. ಈ ವಡೆಗೆ ಉಮ್ರಾನ್ ಗೋಲಾಗಳ ದಪ್ಪ ತಿರುಳು ಹೊಂದುವುದಿಲ್ಲ, ನಾಡಬಾರಿಯ ಹುಳಿಯೇ ಬೇಕು. ಆದ್ದರಿಂದ ಮೋಟಿನಲ್ಲಿ ನಾಲ್ಕು ಚಿಗುರು ಬಿಟ್ಟವರು ಮೂರಕ್ಕೆ ಕಣ್ಣು ಕೂಡಿಸಿ ಒಂದನ್ನು ಇದ್ದಂತೆಯೇ ಬಿಡುವುದು ಒಳ್ಳೆಯದು. ಉಳಿದ ಕೊಂಬೆಗಳ ಹೂವಿಗೆ ಅದರ ಪರಾಗವೂ ಸಿಗುತ್ತದೆ. ಅದು ಕಸಿಯನ್ನು ಮೀರಿ ಬೆಳೆಯದಂತೆ ಪ್ರತಿ ಏಪ್ರಿಲಿನಲ್ಲಿ ಅದನ್ನು ಮಾತ್ರ ಬೇರೆಯವಕ್ಕಿಂತ ಗಿಡ್ಡವಾಗಿ ಸವರಬೇಕು.